ಹಿರಿಯ ದಾದಿಯ ಬೆಳಗು

ಬೇಗನೆ ಏಳಬೇಕೆಂಬ ಉಪದೇಶವನ್ನು ಕೇಳದ ಕಿವಿಯು ನಮ್ಮ ನಾಡಿನಲ್ಲಿ ಇರಲಾರದು. ಅಜ್ಜನು ಮೊಮ್ಮಗನಿಗೆ, ಗುರುವು ಶಿಷ್ಯನಿಗೆ, ಅತ್ತೆಯು ಸೊಸೆಗೆ ಇದನ್ನು ಹೇಳುತ್ತ ಬಂದಿರುವರು; ಕೇಳಿದವರು ಹೊದಿಕೆಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಳ್ಳುತ್ತ ಬಂದಿರುವರು. ತನ್ನ ಆರೋಗ್ಯಕ್ಕಾಗಿ, ತನ್ನ ವಿದ್ಯೆಗಾಗಿ ಒಬ್ಬನು ಬೇಗನೆ ಏಳುವುದು ಒಂದು ಮಾತು. ಏಳುವವಳ ಎಚ್ಚರವನ್ನೇ ನಂಬಿಕೊಂಡು ಮೂವತ್ತು ನಲವತ್ತು ರೋಗಿಗಳು ಮಲಗಿರುವರೆಂದರೆ ಅದು ಬೇರೆಯೇ ಮಾತು. ಆಸ್ಪತ್ರೆಯಲ್ಲಿ ಒಂದೊಂದು ವಾರ್ಡಿನ ಹೊಣೆಯನ್ನು ಹೊತ್ತಿರುವ ಹಿರಿಯ ದಾದಿಯರ ಪ್ರಾತಃಕಾಲವನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದು ನಾವು ಎಣಿಸಿರುವೆವು.

ಮನೆಮಂದಿ ಓದುವ ಪತ್ರಿಕೆಯಲ್ಲಿ ಆಸ್ಪತ್ರೆಯ ದಿನಚರಿಗೇನು ಕೆಲಸವೆಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ನಮ್ಮ ನಾವುಂದದ ಹೆದ್ದಾರಿಯ ಅಂಚಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಕುಂದಾಪುರದ ಕಡೆಯ ಬಸ್ಸನ್ನು ಕಾಯುವವರಲ್ಲಿ ಮೀನು ಮಾರುವ ಹೆಂಗಸರು, ಕಾಲೇಜಿನ ಹುಡುಗರು ಇರುವಂತೆ ದಾದಿಯರೂ ಇರುವರು. ಈ ಕರಾವಳಿಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಕುಂದಾಪುರ, ಉಡುಪಿ, ಮಣಿಪಾಲ, ಮಂಗಳೂರುಗಳಲ್ಲಿ, ಬೆಂಗಳೂರಿನಲ್ಲಿ, ಕಡಲಾಚೆಯ ಕೊಲ್ಲಿ ದೇಶಗಳಲ್ಲಿ ಈ ವೃತ್ತಿಯಿಂದ ಅನ್ನವನ್ನೂ ಮಾನವನ್ನೂ ಗಳಿಸಿರುವರು. ಆದುದರಿಂದ ಅವರ ಬೆಳಗು ನಮ್ಮ ಮನೆಗಳ ಬೆಳಗೇ ಆಗಿದೆ. ಇದು ಮೊದಲನೆಯ ಕಾರಣ. ಎರಡನೆಯದೇನೆಂದರೆ, ಹಾಸಿಗೆ ಹಿಡಿದ ಹಿರಿಯರಿರುವ ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ಹಿರಿಯ ದಾದಿ ಇದ್ದೇ ಇರುವಳು. ಆಕೆಗೆ ಬಿಳಿಯ ಉಡುಪಿಲ್ಲ, ಸಂಬಳವಿಲ್ಲ, ರಜೆಯಂತೂ ಇಲ್ಲವೇ ಇಲ್ಲ. ಮಗಳೋ ಸೊಸೆಯೋ ಹೆಂಡತಿಯೋ ಆಗಿರುವ ಆಕೆಗೂ ಈ ಮಾತುಗಳಿಂದ ಪ್ರಯೋಜನವಾದೀತು.

ಬ್ರಾಹ್ಮೀ ಮುಹೂರ್ತದಲ್ಲಿ ಏಳತಕ್ಕದ್ದೆಂದು ನಮ್ಮ ಪ್ರಾಚೀನರು ವಿಧಿಸಿರುವರು. ಮುಹೂರ್ತವೆಂದರೆ ಎರಡು ಘಳಿಗೆ, ಈಗಿನ ಲೆಕ್ಕದಲ್ಲಿ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತಗಳಿರುವಾಗ, ಅಂದರೆ 96 ನಿಮಿಷ ಮುಂಚೆ, ಬ್ರಾಹ್ಮೀ ಮುಹೂರ್ತವು ಮೊದಲಾಗುವುದು. ನಮ್ಮ ಕರಾವಳಿಯಲ್ಲಿ ಸೂರ್ಯನು ಜೂನ್ ತಿಂಗಳ ಮೊದಲಿಗೆ ಸುಮಾರು ಆರು ಗಂಟೆಗೂ ಜನವರಿಯ ಕೊನೆಗೆ ಸುಮಾರು ಏಳು ಗಂಟೆಗೂ ಮೂಡುವನಾದುದರಿಂದ, ಈ ಮುಹೂರ್ತದ ಆರಂಭವು ಋತುವನ್ನು ಅನುಸರಿಸಿ ನಾಲ್ಕೂವರೆ ಐದೂವರೆಗಳ ನಡುವೆ ಬೀಳುವುದು. ವಾಗ್ಭಟಾಚಾರ್ಯನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯವನ್ನು ಈ ವಿಧಿಯಿಂದಲೇ ಪ್ರಾರಂಭಿಸಿರುವನು. ಆದರೆ ಆತನು ಅಲ್ಲಿ ಒಂದು ಪದವನ್ನು ಇರಿಸಿರುವನು. ಉಪದೇಶ ಮಾಡುವವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುವರು. ‘ಸ್ವಸ್ಥ’ನಾದವನು ಹಾಗೆ ಏಳಬೇಕೆಂಬುದು ಆತನ ಮಾತು. ಅಸ್ವಸ್ಥನಿಗೆ ಈ ವಿಧಿಯಿಲ್ಲ.

ಈ ಒಂದು ಪದವನ್ನು ಗಮನಿಸಿದರೆ ಹಿರಿಯ ದಾದಿಯ ಬೆಳಗಿನ ಮೊದಲ ನಿಯಮವು ದೊರೆಯುವುದು. ಏಳಬೇಕಾದವಳು ತಾನು, ಎಬ್ಬಿಸಬಾರದ್ದು ರೋಗಿಯನ್ನು. ವೈದ್ಯರು ಬರುವುದರೊಳಗೆ ಎಲ್ಲವೂ ಒಪ್ಪವಾಗಿ ಕಾಣಬೇಕೆಂದು ನಸುಕಿನಲ್ಲಿಯೇ ದೀಪಗಳನ್ನೆಲ್ಲ ಹಾಕಿ, ಎರಡು ಗಂಟೆಯ ಮೊದಲಷ್ಟೇ ಕಣ್ಣು ಮುಚ್ಚಿದ ಮುದುಕನನ್ನು ಎಬ್ಬಿಸಿ ಹಾಸಿಗೆಯ ಬಟ್ಟೆ ಬದಲಿಸುವ ರೂಢಿಯು ಕೆಲವೆಡೆ ಇರುವುದು. ಹಾಸಿಗೆಯು ಅಂದವಾಗುವುದು, ರೋಗಿಯು ಬಾಡುವನು. ಹೊತ್ತಿಗೆ ಸರಿಯಾಗಿ ಕೊಡಲೇಬೇಕಾದ ಔಷಧವಿದ್ದಲ್ಲಿ ಎಬ್ಬಿಸುವುದು ಅನಿವಾರ್ಯ. ಅಂದಕ್ಕಾಗಿ ಎಬ್ಬಿಸುವುದು ಅಪಚಾರ.

ಈ ಮಾತು ನಮ್ಮದೊಬ್ಬರದೇ ಅಲ್ಲ. ಆಧುನಿಕ ದಾದಿವೃತ್ತಿಗೆ ತಾಯಿಯೆನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮಹಿಳೆಯೂ ರೋಗಿಯ ನಿದ್ದೆಯನ್ನು ಕೆಡಿಸದಿರುವುದು ಶುಶ್ರೂಷೆಯ ಮೂಲಧರ್ಮವೆಂದು ಬರೆದಿರುವಳು. 1820ರಲ್ಲಿ ಹುಟ್ಟಿದ ಈಕೆಯು 1854ರ ನವೆಂಬರಿನಲ್ಲಿ 38 ಮಂದಿ ದಾದಿಯರನ್ನು ಕರೆದುಕೊಂಡು, ಕ್ರಿಮಿಯಾ ಯುದ್ಧದ ಗಾಯಾಳುಗಳಿದ್ದ ಸ್ಕುಟಾರಿಯ ಆಸ್ಪತ್ರೆಗೆ ಹೋದುದನ್ನೂ, ಇರುಳಿನಲ್ಲಿ ದೀಪವನ್ನು ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆದುದನ್ನೂ ಶಾಲೆಯ ಮಕ್ಕಳೆಲ್ಲರೂ ಓದಿರುವರು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಕ್ಕಾಗಿ ಶಾಲೆಯೊಂದು ಆಕೆಯ ಹೆಸರಿನಲ್ಲಿ ತೆರೆಯಿತು. ಅದಕ್ಕೆ ಒಂದು ವರುಷ ಮುಂಚೆ, 1859ರಲ್ಲಿ, ಆಕೆ ‘ನೋಟ್ಸ್ ಆನ್ ನರ್ಸಿಂಗ್’ ಎಂಬ ಸಣ್ಣ ಪುಸ್ತಕವನ್ನು ಬರೆದಳು. ಆ ಪುಸ್ತಕವು ವೃತ್ತಿಯ ದಾದಿಯರಿಗಾಗಿ ಬರೆದುದಲ್ಲ, ಮನೆಯಲ್ಲಿ ಇತರರ ಆರೋಗ್ಯವನ್ನು ನೋಡಿಕೊಳ್ಳುವ ಹೆಂಗಸರಿಗಾಗಿ ಬರೆದುದೆಂಬುದು ಅನೇಕರಿಗೆ ತಿಳಿಯದು.

ನಮ್ಮ ಜಿಲ್ಲೆಗಳಲ್ಲಿಯೂ ಈ ವಿದ್ಯೆಗೆ ಹಳೆಯ ಬೇರುಗಳಿವೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರ ಚಿಕಿತ್ಸಾಕಾರ್ಯವು 1880ರಲ್ಲಿ ಮೊದಲಾಯಿತು. ಉಡುಪಿಯಲ್ಲಿ ಸ್ವಿಸ್ ದೇಶದ ವೈದ್ಯೆ ಇವಾ ಲೊಂಬಾರ್ಡ್ ಅವರು 1923ರಲ್ಲಿ ಹೆಂಗಸರು ಮಕ್ಕಳಿಗಾಗಿ ಚಿಕಿತ್ಸಾಲಯವನ್ನು ತೆರೆದರು. ಜನರು ಇಂದಿಗೂ ಅದನ್ನು ಮಿಶನ್ ಆಸ್ಪತ್ರೆಯೆಂದೇ ಕರೆಯುವರು. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ಕಟ್ಟಿದರು. ಇವೆಲ್ಲವುಗಳಿಂದ ಕರಾವಳಿಯ ಹುಡುಗಿಯರಿಗೆ ದಾದಿವೃತ್ತಿಯು ಮನೆಯ ಬಾಗಿಲಿಗೆ ಬಂದಂತಾಯಿತು.

ಇನ್ನು ನಮ್ಮ ವೈದ್ಯಶಾಸ್ತ್ರವು ಪರಿಚಾರಕರನ್ನು ಹೇಗೆ ಕಂಡಿತ್ತೆಂಬುದನ್ನು ನೋಡೋಣ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವುದು: ವೈದ್ಯ, ಔಷಧ, ಉಪಸ್ಥಾತೃ, ರೋಗಿ. ಉಪಸ್ಥಾತೃವೆಂದರೆ ಬಳಿಯಲ್ಲಿ ನಿಂತಿರುವವನು, ಅರ್ಥಾತ್ ದಾದಿ. ಉಪಚಾರದ ತಿಳಿವಳಿಕೆ, ದಕ್ಷತೆ, ತಾನು ನೋಡಿಕೊಳ್ಳುವವನಲ್ಲಿ ಪ್ರೀತಿ, ಶುಚಿತ್ವ ಇವು ಅವನಿಗಿರಬೇಕಾದ ಗುಣಗಳು. ರೋಗಿಗೂ ನಾಲ್ಕು ಗುಣಗಳನ್ನು ಹೇಳಿದೆ. ಅವುಗಳಲ್ಲಿ ಜ್ಞಾಪಕತ್ವವೆಂಬುದು ಒಂದು. ತನ್ನ ಬೇನೆಯನ್ನು ಇತರರಿಗೆ ತಿಳಿಯುವಂತೆ ಹೇಳುವ ಶಕ್ತಿಯೆಂದು ಅದರ ಅರ್ಥ. ಆದರೆ ಎಲ್ಲ ರೋಗಿಗಳಲ್ಲಿಯೂ ಈ ಶಕ್ತಿಯಿರುವುದೇ? ಮಾತು ಬಾರದ ಶಿಶು, ನೆನಪು ತಪ್ಪಿದ ಮುದುಕಿ, ಸಂಕೋಚದ ಹಳ್ಳಿಯವನು ಏನನ್ನು ಹೇಳಿಯಾರು? ರೋಗಿಯಲ್ಲಿ ಈ ಗುಣವು ಕೊರತೆಯಾದಷ್ಟೂ ದಾದಿಯ ಕಡೆಯಿಂದ ಅದು ತುಂಬಿಬರಬೇಕು.

ಅದು ಹೇಗೆಂಬುದನ್ನು ‘ಶುಶ್ರೂಷೆ’ ಎಂಬ ಪದವೇ ತಿಳಿಸುತ್ತದೆ. ವ್ಯಾಕರಣವನ್ನು ಬಲ್ಲವರು ಅರಿತಿರುವಂತೆ, ಶ್ರು ಎಂಬ ಧಾತುವಿಗೆ ಕೇಳುವುದೆಂದರ್ಥ. ಅದಕ್ಕೆ ಇಚ್ಛೆಯನ್ನು ತಿಳಿಸುವ ಸನ್ ಪ್ರತ್ಯಯವು ಸೇರಿ ಈ ಪದವಾಯಿತು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಮೊದಲು ಗುರುವಿನ ಮಾತನ್ನು ಕೇಳುವ ಶಿಷ್ಯನಿಗೆ ಸಲ್ಲುತ್ತಿದ್ದ ಈ ಪದವು ಕ್ರಮೇಣ ಸೇವೆಗೆ, ಅನಂತರ ರೋಗಿಯ ಆರೈಕೆಗೆ ಹೆಸರಾಯಿತು. ಮದ್ದು ಕುಡಿಸುವುದು, ಗಾಯ ಕಟ್ಟುವುದು ಎಲ್ಲವೂ ಅದರ ಅಂಗಗಳು. ಅದರ ಪ್ರಾಣವು ಕೇಳುವುದರಲ್ಲಿದೆ. ಹಿರಿಯ ದಾದಿಯ ಬೆಳಗು ಹೇಗಿರಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರವೂ ಇದೇ. ಆಕೆಯು ಎಷ್ಟು ಗಂಟೆಗೆ ಎದ್ದಳೆಂಬುದು ಮುಖ್ಯವಲ್ಲ. ಕೆಲಸಕ್ಕೆ ಕೈಹಚ್ಚುವ ಮೊದಲು ಏನನ್ನು, ಹೇಗೆ ಕೇಳಿದಳೆಂಬುದು ಮುಖ್ಯ.

ನಮ್ಮ ಹಳೆಯ ಶಿಷ್ಯೆಯೊಬ್ಬಳು ತಾಲೂಕು ಆಸ್ಪತ್ರೆಯೊಂದರಲ್ಲಿ ವಾರ್ಡಿನ ಮುಖ್ಯ ದಾದಿಯಾಗಿರುವಳು. ಈಚೆಗೆ ನಮ್ಮನ್ನು ಕಾಣಲು ಬಂದವಳು ನಾವು ಕೇಳಲಾಗಿ ತನ್ನ ಬೆಳಗಿನ ಕ್ರಮವನ್ನು ವಿವರಿಸಿದಳು. ನಾಲ್ಕೂವರೆಗೆ ಏಳುವಳು. ಮುಖ ತೊಳೆದು ಒಂದು ಲೋಟ ನೀರು ಕುಡಿದು, ಹಿತ್ತಿಲ ಬಾಗಿಲನ್ನು ತೆರೆದು, ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳುವಳು. ಆ ಹತ್ತು ನಿಮಿಷದಲ್ಲಿ ಫೋನನ್ನು ಮುಟ್ಟುವುದಿಲ್ಲ. “ಮಾಷ್ಟ್ರೇ, ಅದನ್ನು ನೋಡಿದರೆ ಊರಿನ ಮಾತೆಲ್ಲ ತಲೆಯೊಳಗೆ ಬಂದು ಕೂತುಬಿಡುತ್ತದೆ, ಆಮೇಲೆ ರೋಗಿಗೆ ಜಾಗ ಇರುವುದಿಲ್ಲ,” ಎಂದಳು. ಗಂಜಿಯನ್ನೋ ದೋಸೆಯನ್ನೋ ಹೊಟ್ಟೆಗೆ ಹಾಕಿಕೊಳ್ಳದೆ ಮನೆಯಿಂದ ಹೊರಡುವುದಿಲ್ಲ. ಹಸಿದ ದಾದಿಯು ಹನ್ನೊಂದು ಗಂಟೆಗೆ ಸಿಡುಕುವಳೆಂಬುದು ಆಕೆಯ ಅನುಭವ.

ಎಂಟು ಗಂಟೆಗೆ ಸರದಿ ಬದಲಾಗುವುದಾದರೂ ಏಳೂವರೆಗೇ ವಾರ್ಡಿನಲ್ಲಿರುವಳು. ಕೈಯಲ್ಲಿ ಕಾಗದವಿಲ್ಲದೆ ಒಂದು ಸುತ್ತು ಬರುವಳು. ಕಿಟಕಿಗಳು ತೆರೆದಿವೆಯೇ, ಗಾಳಿ ಹೇಗಿದೆ, ಯಾರ ಮುಖವು ನಿನ್ನೆಗಿಂತ ಬಾಡಿದೆ, ಯಾರು ಗೋಡೆಯ ಕಡೆಗೆ ಹೊರಳಿರುವರು, ಡ್ರಿಪ್ಪು ಸರಿಯಾಗಿ ಇಳಿಯುತ್ತಿದೆಯೇ, ಮೂತ್ರದ ಚೀಲವು ತುಂಬಿದೆಯೇ ಬರಿದಾಗಿದೆಯೇ: ಇಷ್ಟನ್ನು ಕಣ್ಣಿನಿಂದಲೇ ಓದಿಕೊಳ್ಳುವಳು. ಆಮೇಲೆ ತುರ್ತು ಔಷಧಗಳ ಟ್ರೇಯನ್ನು ತಾನೇ ತೆರೆದು ಎಣಿಸುವಳು. ಆಮ್ಲಜನಕದ ಸಿಲಿಂಡರಿನ ಮುಳ್ಳನ್ನು ನೋಡುವಳು. ಔಷಧವಿಡುವ ಶೀತಪೆಟ್ಟಿಗೆಯ ಉಷ್ಣಮಾಪಕವು 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ಪರೀಕ್ಷಿಸುವಳು. ಇದಾದ ಮೇಲೆ ಇರುಳೆಲ್ಲ ದುಡಿದ ದಾದಿಯನ್ನು ಕುಳ್ಳಿರಿಸಿ, ಚಹ ಕುಡಿಸಿ, ಆಕೆಯ ಮಾತನ್ನು ಕೇಳುವಳು. ಆಸ್ಪತ್ರೆಯ ಭಾಷೆಯಲ್ಲಿ ಇದಕ್ಕೆ ಹ್ಯಾಂಡೋವರ್ ಎನ್ನುವರು. ಈ ಕಾಲು ಗಂಟೆಯೇ ದಿನದ ತಳಹದಿಯೆಂದು ನಮ್ಮ ಶಿಷ್ಯೆಯ ಅಭಿಪ್ರಾಯ.

ಆಕೆಯು ಹೇಳಿದ ಒಂದು ಸಂಗತಿಯನ್ನು ಇಲ್ಲಿ ಬರೆಯದಿರಲಾರೆವು. ಒಂದು ದಿನ ಇರುಳಿನ ದಾದಿಯು ಒಂದೊಂದೇ ಹಾಸಿಗೆಯ ವಿಚಾರವನ್ನು ಹೇಳುತ್ತ ಬಂದು, ಕಾಲಿನ ಗಾಯಕ್ಕಾಗಿ ಸೇರಿದ್ದ ವೃದ್ಧ ಮೀನುಗಾರನೊಬ್ಬನ ವಿಷಯದಲ್ಲಿ “ತೊಂದರೆಯೇನಿಲ್ಲ, ಚೆನ್ನಾಗಿ ನಿದ್ದೆ ಮಾಡಿದ್ದಾನೆ,” ಎಂದಳು. “ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ?” ಎಂದು ಹಿರಿಯಳು ಕೇಳಿದಳು. ಆ ಹುಡುಗಿಯು ತುಸು ಯೋಚಿಸಿ, “ಮೂರರ ಮೇಲೆ ಮಲಗಿದ್ದು. ಅಲ್ಲಿಯವರೆಗೆ ಕಿಟಕಿಯ ಹತ್ತಿರ ಕೂತಿದ್ದ. ಸೆಕೆ ಎಂದ,” ಎಂದಳು. ಸುತ್ತು ಬರುವಾಗ ಆ ಮುದುಕನ ತಲೆಯ ಕೆಳಗೆ ಎರಡು ದಿಂಬುಗಳ ಮೇಲೆ ಮಡಿಸಿದ ಕಂಬಳಿಯೂ ಇದ್ದುದು ಹಿರಿಯಳಿಗೆ ನೆನಪಾಯಿತು. ಎದ್ದು ಹೋಗಿ ಆತನ ಬಳಿ ಕುಳಿತು, ಮಲಗಿದರೆ ಏನಾಗುತ್ತದೆಂದು ವಿಚಾರಿಸಿದಳು. ಮಲಗಿದರೆ ಉಸಿರು ಕಟ್ಟುವುದೆಂದೂ ಕುಳಿತರೆ ಸಲೀಸಾಗುವುದೆಂದೂ ಆತನು ಆಗ ಹೇಳಿದನು. ಮಲಗಿದಾಗ ಹೆಚ್ಚುವ ಏದುಸಿರು ಹೃದಯವು ಸೋಲುತ್ತಿರುವುದರ ಗುರುತಾಗಿರಬಹುದೆಂದು ದಾದಿಯರಿಗೆ ಕಲಿಸಿರುವರು. ವೈದ್ಯರು ಸುತ್ತಿಗೆ ಬರುವವರೆಗೆ ಕಾಯದೆ ಆಕೆಯು ಹೇಳಿಕಳುಹಿಸಿದಳು. ಶ್ವಾಸಕೋಶದಲ್ಲಿ ನೀರು ಸೇರುತ್ತಿದ್ದುದು ಕಂಡುಬಂದಿತು. ಚಿಕಿತ್ಸೆಯು ಹೊತ್ತಿಗೆ ದೊರೆಯಿತು. ಮುದುಕನು ಕೆಲವು ದಿನಗಳಲ್ಲಿ ತನ್ನ ಕೇರಿಗೆ ಹಿಂದಿರುಗಿದನು.

ಇರುಳಿನ ಹುಡುಗಿಯು ಸುಳ್ಳು ಹೇಳಿದಳೇ? ಇಲ್ಲ. ಸೋಮಾರಿಯಾಗಿದ್ದಳೇ? ಅದೂ ಇಲ್ಲ, ಮುದುಕನು ಕಿಟಕಿಯ ಬಳಿ ಕುಳಿತಿದ್ದುದನ್ನು ಕಂಡಿದ್ದಳು, ಮಾತನಾಡಿಸಿಯೂ ಇದ್ದಳು. ಕಂಡುದನ್ನು ಹೊರಗೆ ತರುವ ಪ್ರಶ್ನೆಯು ಬೇಕಾಗಿತ್ತು. ನೈಟಿಂಗೇಲಳ ಪುಸ್ತಕದಲ್ಲಿ ಈ ವಿಚಾರವು ಬಹು ಚೆನ್ನಾಗಿ ಬಂದಿರುವುದು. ರಾತ್ರಿ ಚೆನ್ನಾಗಿ ಕಳೆಯಿತೇ ಎಂದು ಕೇಳುವುದರಿಂದ ಏನೂ ತಿಳಿಯದು. ಎಷ್ಟು ಗಂಟೆ, ಯಾವ ಯಾವ ಹೊತ್ತಿನಲ್ಲಿ ನಿದ್ದೆ ಬಂದಿತೆಂದು ಕೇಳಬೇಕೆಂಬುದು ಆಕೆಯ ಅಭಿಪ್ರಾಯ. ಪಾಠಶಾಲೆಯಲ್ಲಿದ್ದವರಿಗೆ ಇದು ಹೊಸತಲ್ಲ. “ಅರ್ಥವಾಯಿತೇ?” ಎಂದರೆ ಇಡೀ ತರಗತಿಯು “ಆಯಿತು” ಎನ್ನುವುದು, “ಈ ಲೆಕ್ಕವನ್ನು ಮಾಡಿ ತೋರಿಸು” ಎಂದಾಗಲೇ ಅರ್ಥವಾದವರು ಎಷ್ಟು ಮಂದಿಯೆಂದು ಗೊತ್ತಾಗುವುದು.

ಬೆಳಗಿನ ಈ ಕೇಳ್ವಿಕೆಯಲ್ಲಿ ಇನ್ನೊಂದು ಅಪಾಯವಿದೆ. ನಸುಕಿನ ಮೂರರಿಂದ ಐದು ಗಂಟೆಯವರೆಗೆ ಮನುಷ್ಯದೇಹದ ಉಷ್ಣತೆಯೂ ಮನಸ್ಸಿನ ಎಚ್ಚರವೂ ಅತ್ಯಂತ ತಗ್ಗಿರುವುವೆಂದು ಶರೀರಶಾಸ್ತ್ರಜ್ಞರು ಕಂಡುಕೊಂಡಿರುವರು. ಆ ಹೊತ್ತನ್ನು ಎಚ್ಚರದಿಂದ ಕಳೆದು ದಣಿದವಳು, ಬಸ್ಸಿಳಿದು ಅವಸರದಿಂದ ಬಂದವಳಿಗೆ ಎಲ್ಲವನ್ನೂ ಒಪ್ಪಿಸಬೇಕು. ಕೊಡುವವಳಿಗೆ ದಣಿವು, ಕೊಳ್ಳುವವಳಿಗೆ ಧಾವಂತ. ನಡುವೆ ಒಂದೆರಡು ಸಂಗತಿಗಳು ಬಿದ್ದುಹೋಗುವುದು ಸಹಜ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ರೋಗಿಗಳ ಸುರಕ್ಷತೆಗೆಂದು ಒಂಬತ್ತು ಉಪಾಯಗಳನ್ನು ಪ್ರಕಟಿಸಿದಾಗ ಈ ಹ್ಯಾಂಡೋವರನ್ನು ಕ್ರಮಪಡಿಸುವುದನ್ನೂ ಅವುಗಳಲ್ಲಿ ಸೇರಿಸಿತು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದ ಒಂದು ಕ್ರಮವು ಈಗ ಬಹುವಾಗಿ ಬಳಕೆಯಲ್ಲಿದೆ. ಅದರಂತೆ ನಾಲ್ಕು ಸಂಗತಿಗಳನ್ನು ಇದೇ ಅನುಕ್ರಮದಲ್ಲಿ ಹೇಳಬೇಕು: ಈಗ ಏನಾಗಿದೆ, ಇದರ ಹಿಂದಿನ ವೃತ್ತಾಂತವೇನು, ನಮಗೆ ಏನೆಂದು ತೋರುತ್ತದೆ, ಮುಂದೆ ಏನು ಮಾಡತಕ್ಕದ್ದು. ನಮ್ಮ ಶಿಷ್ಯೆಯ ವಾರ್ಡಿನಲ್ಲಿ ಈ ನಾಲ್ಕನ್ನೂ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿರುವರಂತೆ.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯವನ್ನು ಮಾತ್ರ ಹೇಳಿದಂತಾಗುವುದು. ಹಿರಿಯ ದಾದಿಯ ಬೆಳಗನ್ನು ಕೆಡಿಸುವುದು ಆಸ್ಪತ್ರೆಯೊಂದೇ ಅಲ್ಲ. ಎಷ್ಟೋ ವೇಳೆ ಮನೆಯೇ ಅದನ್ನು ಕೆಡಿಸುವುದು. ನೈಟಿಂಗೇಲಳಿಗೆ ಸ್ಕುಟಾರಿಗೆ ಹೋಗುವ ಮುನ್ನ ಮನೆಮಂದಿಗೆಲ್ಲ ನೀರುದೋಸೆ ಹುಯ್ಯುವ ಕೆಲಸವಿರಲಿಲ್ಲ. ನಮ್ಮ ಹುಡುಗಿಯರಿಗೆ ಅದಿದೆ. ನಾಲ್ಕು ಗಂಟೆಗೆ ಎದ್ದು ತಿಂಡಿ, ಮಧ್ಯಾಹ್ನದ ಅಡಿಗೆ, ಮಕ್ಕಳ ಬುತ್ತಿ, ಮಾವನವರ ಕಷಾಯ ಎಲ್ಲವನ್ನೂ ಮುಗಿಸಿ ಬಸ್ಸಿಗೆ ಓಡುವವಳು ವಾರ್ಡಿನ ಮೆಟ್ಟಿಲನ್ನು ಹತ್ತುವಾಗಲೇ ಅರ್ಧ ದಣಿದಿರುವಳು. ಆಕೆಯ ಕಿವಿಗೆ ಸೂಕ್ಷ್ಮವಾದ ಮಾತು ಹೇಗೆ ಕೇಳಿಸೀತು? ಆ ಮೀನುಗಾರನ ಕಂಬಳಿಯ ಮಡಿಕೆಯು ಕಣ್ಣಿಗೆ ಹೇಗೆ ಬಿದ್ದೀತು?

ಇರುಳಿನ ಸರದಿ ಮುಗಿಸಿ ಬಂದವಳ ಪಾಡು ಇನ್ನೂ ಕಷ್ಟ. ನಮ್ಮ ಬ್ರಾಹ್ಮೀ ಮುಹೂರ್ತವು ಆಕೆಯ ದಿನದ ಕೊನೆಯ ಜಾವ. ಒಂಬತ್ತು ಗಂಟೆಗೆ ಮನೆ ಸೇರಿ ಮಲಗಿದರೆ “ಹಗಲು ಮಲಗುವ ಸೊಸೆ” ಎಂಬ ಮಾತು ಒಳಮನೆಯಿಂದ ಕೇಳಿಬರುವುದು, ಮಿಕ್ಸಿಯು ಗರ್ಜಿಸುವುದು, ಟಿವಿಯು ಕೂಗುವುದು, ನೆರೆಮನೆಯವರು ಬಂದು “ಒಳಗಿದ್ದಾಳೆಯೇ, ಒಂದು ಗುಳಿಗೆ ಕೇಳಬೇಕಿತ್ತು,” ಎಂದು ಬಾಗಿಲು ತಟ್ಟುವರು. ಮನೆಯ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೆ: ಹಾಗೆ ಬಂದವಳಿಗೆ ಒಂದು ಕತ್ತಲೆಯ ಕೋಣೆಯನ್ನೂ ಆರು ಗಂಟೆಯ ನಿಶ್ಶಬ್ದವನ್ನೂ ಕೊಡಿರಿ. ಬೆಳಗಿನ ಸರದಿಯಿರುವ ದಿನಗಳಲ್ಲಿ ಒಲೆಯ ಕೆಲಸವನ್ನು ಮಗನೂ ಮಾವನೂ ಹಂಚಿಕೊಳ್ಳಲಿ. ದೋಸೆ ಹುಯ್ಯುವುದರಿಂದ ಗಂಡಸಿನ ಕೈಯೇನೂ ಸವೆಯದು. ನಾಳೆ ನಮ್ಮಲ್ಲೊಬ್ಬರು ಆ ಹಾಸಿಗೆಯ ಮೇಲೆ ಮಲಗಿರುವಾಗ, ಎಲ್ಲಿಯೋ ಒಂದು ಮನೆಯವರು ತಮ್ಮ ಮಗಳಿಗೆ ನಿದ್ದೆ ಮಾಡಗೊಟ್ಟಿದ್ದರ ಫಲವು ನಮಗೆ ದೊರೆಯುವುದು.

ಇನ್ನು ಮನೆಯಲ್ಲಿಯೇ ರೋಗಿಯನ್ನು ನೋಡಿಕೊಳ್ಳುವ ಸೋದರಿಯರಿಗೆ ಎರಡು ಮಾತು. ಹಾಸಿಗೆಯ ಬಳಿ ಒಂದು ಪುಸ್ತಕವನ್ನೂ ಪೆನ್ಸಿಲನ್ನೂ ದಾರದಿಂದ ತೂಗುಹಾಕಿರಿ. ಇರುಳಿನಲ್ಲಿ ಯಾರು ಎದ್ದರೋ ಅವರು ಗಂಟೆಯನ್ನು ಹಾಕಿ ಒಂದು ಸಾಲು ಬರೆಯಲಿ: ಎಷ್ಟು ಹೊತ್ತಿಗೆ ಎದ್ದರು, ಏನು ಕುಡಿದರು, ಎಷ್ಟು ಸಲ ಮೂತ್ರಕ್ಕೆ ಹೋದರು, ಯಾವ ಗುಳಿಗೆ ಕೊಟ್ಟೆವು. ಮಗನು ಕೊಟ್ಟ ಗುಳಿಗೆಯನ್ನು ಅರಿಯದೆ ಮಗಳು ಮತ್ತೊಮ್ಮೆ ಕೊಡುವ ಪ್ರಮಾದವು ಇದರಿಂದ ತಪ್ಪುವುದು. ಸಕ್ಕರೆಯ ರೋಗಕ್ಕೆ ಚುಚ್ಚುಮದ್ದು ಕೊಡುವ ಮನೆಗಳಲ್ಲಿ, ಬೆಳಗಿನ ಆಹಾರವು ಸಿದ್ಧವಾಗಿದೆಯೇ, ರೋಗಿಯು ಅದನ್ನು ತಿನ್ನುವ ಸ್ಥಿತಿಯಲ್ಲಿರುವನೇ ಎಂದು ನೋಡಿದ ಮೇಲೆಯೇ ವೈದ್ಯರು ಹೇಳಿದಂತೆ ಚುಚ್ಚಿರಿ. ಬೆಳಗ್ಗೆ ಅಜ್ಜಿಯನ್ನು “ಆರಾಮವೇ?” ಎಂದು ಕೇಳಬೇಡಿರಿ, ಮಕ್ಕಳಿಗೆ ತೊಂದರೆಯಾಗಬಾರದೆಂದು ಆಕೆ “ಆರಾಮ” ಎಂದೇ ಹೇಳುವಳು. ಎಷ್ಟು ಸಲ ಎಚ್ಚರವಾಯಿತು, ಎದ್ದಾಗ ತಲೆ ತಿರುಗಿತೇ, ನೋವು ನಿನ್ನೆ ಇದ್ದ ಜಾಗದಲ್ಲಿಯೇ ಇದೆಯೇ ಎಂದು ಕೇಳಿರಿ. ಕೇಳಿದ ಮೇಲೆ ಉತ್ತರವು ಮುಗಿಯುವವರೆಗೆ ಅಲ್ಲಿಯೇ ಕುಳಿತಿರಿ. ಒಲೆಯ ಮೇಲಿನ ಹಾಲು ಉಕ್ಕುವಂತಿದ್ದರೆ ಅದನ್ನು ಮೊದಲು ಇಳಿಸಿ ಬಂದೇ ಕೇಳಿರಿ. ಕಾಲು ಹೊಸ್ತಿಲಲ್ಲಿಟ್ಟು ಕೇಳಿದರೆ ಹಿರಿಯರು ಮಾತನ್ನು ನುಂಗಿಬಿಡುವರು.

ನೈಟಿಂಗೇಲಳು ಹುಟ್ಟಿದ ಮೇ 12ನೆಯ ದಿನವನ್ನು ಲೋಕದಲ್ಲೆಲ್ಲ ದಾದಿಯರ ದಿನವಾಗಿ ಆಚರಿಸುವರು. ಆಕೆ ಹುಟ್ಟಿ ಇನ್ನೂರು ವರುಷವಾದ 2020ನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಘೋಷಿಸಿತ್ತು. ಅದೇ ವರುಷ ಕೊರೋನಾ ಮಾರಿಯು ಬಂದು, ಆ ವೃತ್ತಿಯವರ ಬೆಲೆಯೇನೆಂಬುದನ್ನು ಭಾಷಣಗಳ ಅಗತ್ಯವಿಲ್ಲದೆ ಎಲ್ಲರಿಗೂ ತಿಳಿಸಿತು. ಅಂದು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದವರು ನಾವೆಲ್ಲರೂ. ಈಗ ಅದಕ್ಕಿಂತ ಸುಲಭವಾದ ಒಂದು ಕೆಲಸವುಂಟು. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ದಾದಿಯೊಬ್ಬಳಿದ್ದರೆ, ಆಕೆಯ ನಾಳೆಯ ಸರದಿ ಯಾವುದೆಂದು ಇಂದು ಸಂಜೆಯೇ ಕೇಳಿ ತಿಳಿದುಕೊಳ್ಳಿರಿ. ಬೆಳಗಿನ ಸರದಿಯಾದರೆ ತರಕಾರಿಯನ್ನು ನೀವು ಹೆಚ್ಚಿಡಿರಿ, ಇರುಳಿನದಾದರೆ ಹಗಲಿನಲ್ಲಿ ಆಕೆಯ ಬಾಗಿಲನ್ನು ತಟ್ಟದಿರಿ. ಮನೆಯಲ್ಲಿ ರೋಗಿಯಿದ್ದರೆ ಆ ಪುಸ್ತಕವನ್ನು ಇಂದಿನ ಇರುಳಿನಿಂದಲೇ ಪ್ರಾರಂಭಿಸಿರಿ. ಒಂದು ತಿಂಗಳು ನಡೆಸಿದ ವಾಚಕರು ತಮ್ಮ ಅನುಭವವನ್ನು ನಮಗೆ ಬರೆದು ತಿಳಿಸಿದರೆ ಸಂತೋಷಪಡುವೆವು.